ಸ್ಟೂಲ್ ಯಾಕೆ ಕುಂಟುತ್ತೆ?

ಕಲಘಟಗಿ ಅಂದ್ರೆ ನಮಗೆಲ್ಲ ನೆನಪಾಗೋದು ಬಣ್ಣದ ತೊಟ್ಟಿಲು: ಸಾಗವಾನಿ ಕಟ್ಟಿಗೆ, ಅದರ ಮೇಲೆ ಅರಗಿನ ಬಣ್ಣ, ಪುರಾಣದ ಚಿತ್ರ. ಅದನ್ನು ಮಾಡೋ ಕೈ ನಮಗಿಲ್ಲ. ಒಂದು ಸ್ಟೂಲಾದ್ರೂ ಮಾಡೋಣ ಅಂತ ರಜೆಯಲ್ಲಿ ಆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಾವು ಮೂವರು ಕೂತೆವು. ಕ್ಯಾಡ್ ಡ್ರಾಯಿಂಗ್ ಚೆಂದ ಇತ್ತು. ನಾಲ್ಕು ಕಾಲು, ಹಸಿ ಕಟ್ಟಿಗೆ, ಬರೀ ಮೊಳೆ. ತಿಂಗಳೊಳಗೆ ಮೊಳೆ ಸಡಿಲಾಗಿ ಸ್ಟೂಲ್ ಕುಂಟತೊಡಗಿತು.

"ಕಟಗಿ ಹಸೀ ಐತ್ರಪಾ, ಅದು ನಿಮ್ಮ ಡ್ರಾಯಿಂಗ್ ಕೇಳೂದಿಲ್ಲ" ಅಂದರು ಪಕ್ಕದ ಮನೆಯ ಬಡಿಗೇರ ಕಾಕಾ.

ಕಟ್ಟಿಗೆ ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ಎಳೆಯ ಉದ್ದಕ್ಕೆ ಸುಮಾರು ಶೇ. 0.1-0.2 ಅಷ್ಟೇ, ಎಳೆಗೆ ಅಡ್ಡವಾಗಿ ಎಷ್ಟೋ ಜಾತಿಗಳಲ್ಲಿ ಶೇ. 5ಕ್ಕೂ ಹೆಚ್ಚು. ಕಬ್ಬಿಣದ ಮೊಳೆ ಮಾತ್ರ ಇದ್ದಂಗೇ ಇರುತ್ತೆ. ಅದಕ್ಕೇ ಹಿಡಿತ ತಪ್ಪುತ್ತೆ.

ಎರಡನೇ ಸಲ ಕಾಕಾ ಹೇಳಿದಂತೆ ಮಾಡಿದೆವು.

1. ಕಾಲು ಮೂರೇ. ಮೂರು ಬಿಂದು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ; ಅಂಕುಡೊಂಕು ನೆಲದಲ್ಲೂ ಸ್ಟೂಲ್ ಅಲ್ಲಾಡಲ್ಲ. ಆದರೆ ಅಂಚಿನ ಮೇಲೆ ಭಾರ ಬಿದ್ದರೆ ಮಗುಚುತ್ತೆ, ಹತ್ತಿ ನಿಲ್ಲಬೇಡಿ.

2. 12 ಇಂಚು ಅಗಲ, ಒಂದೂವರೆ ಇಂಚು ದಪ್ಪದ ಹಲಗೆಗೆ ಒಂದು ಇಂಚಿನ ಮೂರು ತೂತು, ಕಾಲು ಹೊರಗೆ ಚಾಚುವಂತೆ ಸುಮಾರು 10 ಡಿಗ್ರಿ ಓರೆಯಾಗಿ.

3. ಕಾಲಿನ ತುದಿಯನ್ನು ತೂತಿಗೆ ಬಿಗಿಯಾಗಿ ಕೂರುವಷ್ಟು ದುಂಡಗೆ ಕೆತ್ತಿ. ಕಾಲು ಹಲಗೆಗಿಂತ ಚೆನ್ನಾಗಿ ಒಣಗಿರಬೇಕು. ಆಮೇಲೆ ಹಲಗೆ ಒಣಗುತ್ತಾ ಕಾಲನ್ನು ಬಿಗಿಹಿಡಿಯುತ್ತೆ. ಬಂಡಿ ಗಾಲಿಗೆ ಕಬ್ಬಿಣದ ಪಟ್ಟಿ ಕಾಯಿಸಿ ಹಾಕ್ತಾರಲ್ಲ, ಹೆಚ್ಚುಕಮ್ಮಿ ಹಾಗೇ. ನಮ್ಮ ಪುಸ್ತಕದ ಶ್ರಿಂಕ್ ಫಿಟ್!

4. ಕಾಲಿನ ತುದಿಯನ್ನು ಮೊದಲೇ ಗರಗಸದಿಂದ ಸೀಳಿ, ಕೂರಿಸಿದ ಮೇಲೆ ಬೆಣೆ ಹೊಡೆಯಿರಿ. ಬೆಣೆ ಹಲಗೆಯ ಎಳೆಗೆ ಅಡ್ಡವಾಗಿಯೇ ಇರಬೇಕು. ಎಳೆಗುಂಟ ಹೊಡೆದು ನಾವು ಒಂದು ಹಲಗೆ ಸೀಳಿಕೊಂಡೆವು.

ಬೆಣೆ ಅಡ್ಡಲೇ ಯಾಕೆ ಅಂತ ಆಮೇಲೆ ಹೊಳೆಯಿತು: ಹಲಗೆ ಕುಗ್ಗೋದು ಎಳೆಗೆ ಅಡ್ಡವಾಗಿ, ಹಾಗಾಗಿ ಎರಡು ಬದಿಯ ಹಿಡಿತ ಅದರದು, ಉಳಿದೆರಡು ಬದಿ ಬೆಣೆಯದು.

ಟ್ರ್ಯಾಕ್ಟರ್ ಬಂದ ಮೇಲೆ ಕಾಕಾ ಬಂಡಿ ಗಾಲಿ ಮಾಡೋದು ಬಿಟ್ಟು ವರ್ಷಗಳಾದವು. ಈ ಲೆಕ್ಕವನ್ನು ಅವರು ಎಲ್ಲೂ ಬರೆದಿಟ್ಟಿಲ್ಲ. ಊರಿಗೆ ಹೋದಾಗ ನಿಮ್ಮೂರ ಬಡಿಗೇರರ ಹತ್ತಿರ ಒಂದು ದಿನ ಕೂತು ಬನ್ನಿ. ಬರುವಾಗ ಕೈಯಲ್ಲಿ ಸ್ಟೂಲೂ ಇರುತ್ತೆ.