ಬೆಳೆಯಲೊಲ್ಲದ ಬಾಲಕನ ದಾನ

ಸಾಹಿತ್ಯದಿಂದ ಲೋಕಕ್ಕೇನು ಪ್ರಯೋಜನ? ಈ ಪ್ರಶ್ನೆಯನ್ನು ವಿದ್ಯಾರ್ಥಿಗಳು ಪ್ರತಿವರ್ಷವೂ ನನ್ನ ಮುಂದಿಡುತ್ತಾರೆ. ಕಾವ್ಯಮೀಮಾಂಸೆಯ ಉತ್ತರದಿಂದ ಅವರಿಗೆ ಸಮಾಧಾನವಾಗದು. ಆಗ ನಾನು ಲಂಡನ್ನಿನ ಒಂದು ಮಕ್ಕಳ ಆಸ್ಪತ್ರೆಯ ವೃತ್ತಾಂತವನ್ನು ಹೇಳುತ್ತೇನೆ. ಅದರ ಗೋಡೆಗಳಲ್ಲಿ ಇಟ್ಟಿಗೆ ಗಾರೆಗಳೊಡನೆ ಇಬ್ಬರು ಸಾಹಿತಿಗಳ ಮಾತೂ ಬೆರೆತಿದೆ.

ಚಾರ್ಲ್ಸ್ ವೆಸ್ಟ್ ಎಂಬ ವೈದ್ಯನು 1852ರ ಫೆಬ್ರವರಿ 14ರಂದು ಗ್ರೇಟ್ ಆರ್ಮಂಡ್ ಬೀದಿಯ ಒಂದು ಹಳೆಯ ಮನೆಯಲ್ಲಿ ಹತ್ತು ಹಾಸಿಗೆಗಳ ಆಸ್ಪತ್ರೆಯನ್ನು ತೆರೆದನು. ಮಕ್ಕಳನ್ನು ಒಳರೋಗಿಗಳಾಗಿ ಇರಿಸಿಕೊಂಡು ಶುಶ್ರೂಷೆ ಮಾಡುವ ಪ್ರತ್ಯೇಕ ಆಸ್ಪತ್ರೆ ಅದುವರೆಗೆ ಇಂಗ್ಲೆಂಡಿನಲ್ಲಿ ಇರಲಿಲ್ಲ. ಅದು ನಡೆಯಬೇಕಾದದ್ದು ವಂತಿಗೆಯ ಹಣದಿಂದ. ಆರು ವರ್ಷ ಕಳೆಯುವಷ್ಟರಲ್ಲಿ ಹಣದ ಅಡಚಣೆ ತಲೆದೋರಿತು.

1858ರ ಫೆಬ್ರವರಿ 9ರಂದು ನಿಧಿಸಂಗ್ರಹಕ್ಕಾಗಿ ಒಂದು ಔತಣ ಏರ್ಪಟ್ಟಿತು. ಅಂದಿನ ಅಧ್ಯಕ್ಷ ಚಾರ್ಲ್ಸ್ ಡಿಕನ್ಸ್. ಎಡಿನ್‌ಬರೋ ನಗರದ ಬಡವರ ಕೇರಿಯಲ್ಲಿ ತಾನು ಕಂಡ ಒಂದು ಕೂಸನ್ನು ಅವನು ಸಭಿಕರ ಕಣ್ಣಮುಂದೆ ತಂದು ನಿಲ್ಲಿಸಿದನು. ತಾಯಿ ಅಂಗಡಿಯಿಂದ ಬೇಡಿ ತಂದ ಮೊಟ್ಟೆಯ ಪೆಟ್ಟಿಗೆಯೇ ಆ ರೋಗಿಷ್ಠ ಶಿಶುವಿನ ಹಾಸಿಗೆ. ಆ ಒಂದು ರಾತ್ರಿಯಲ್ಲಿಯೇ ಮೂರು ಸಾವಿರಕ್ಕೂ ಮಿಕ್ಕಿ ಪೌಂಡುಗಳು ಕೂಡಿದವು. ಅದೇ ವರ್ಷ, ನಮ್ಮ ಗಮಕಿಗಳು ಕಾವ್ಯವಾಚನ ಮಾಡುವಂತೆ, ಡಿಕನ್ಸನು ತನ್ನ ‘ಎ ಕ್ರಿಸ್ಮಸ್ ಕ್ಯಾರಲ್’ ಕಥೆಯನ್ನು ಸಭೆಯಲ್ಲಿ ಓದಿ, ಬಂದ ಹಣವನ್ನು ಆಸ್ಪತ್ರೆಗೆ ಒಪ್ಪಿಸಿದನು. ಪಕ್ಕದ ಮನೆಯನ್ನು ಕೊಂಡು ಹಾಸಿಗೆಗಳನ್ನು 75ಕ್ಕೆ ಏರಿಸಲು ಅನುಕೂಲವಾಯಿತು.

ಆದರೆ ಕರುಣೆ ಕಾರ್ತಿಕದ ಬಿಸಿಲಿನಂತೆ. ಬಹಳ ಹೊತ್ತು ನಿಲ್ಲದು. ರೋಗವಾದರೋ ಪ್ರತಿದಿನ ಬಾಗಿಲು ತಟ್ಟುತ್ತದೆ. ಪ್ರತಿಯೊಂದು ಕೊರತೆಗೂ ಒಬ್ಬ ಡಿಕನ್ಸನನ್ನು ಎಲ್ಲಿಂದ ತರೋಣ? ಉತ್ತರ ದೊರೆತದ್ದು 1929ರಲ್ಲಿ. ಹೊಸ ಕಟ್ಟಡದ ನಿವೇಶನಕ್ಕಾಗಿ ನೇಮಿಸಿದ ಸಮಿತಿಗೆ ಸೇರಬೇಕೆಂದು ಆಸ್ಪತ್ರೆಯವರು ನಾಟಕಕಾರ ಜೆ. ಎಂ. ಬ್ಯಾರಿಯನ್ನು ಕೇಳಿಕೊಂಡರು. ಅವನು ಒಪ್ಪಲಿಲ್ಲ. ಎರಡು ತಿಂಗಳ ಮೇಲೆ, ಎಂದಿಗೂ ದೊಡ್ಡವನಾಗಲೊಲ್ಲದ ಬಾಲಕನ ಕಥೆಯಾದ ‘ಪೀಟರ್ ಪ್ಯಾನ್’ ಕೃತಿಯ ಸರ್ವಸ್ವಾಮ್ಯವನ್ನೇ ಆಸ್ಪತ್ರೆಗೆ ಬರೆದುಕೊಟ್ಟನು. ಅದರಿಂದ ಬರುವ ಮೊತ್ತವನ್ನು ಹೊರಗೆಡಹಬಾರದೆಂಬುದು ಅವನ ಇಚ್ಛೆ. ಆಸ್ಪತ್ರೆ ಇಂದಿಗೂ ಅದನ್ನು ಪಾಲಿಸುತ್ತಿದೆ. ದಾನಕೊಟ್ಟ ದೀಪದ ಮೇಲೆ ಹೆಸರು ಬರೆಸಿ ಬೆಳಕನ್ನೇ ಮರೆಮಾಡುವ ನಮಗೆ ಇದರಲ್ಲಿ ಒಂದು ಪಾಠವಿದೆ.

ಬ್ಯಾರಿ 1937ರಲ್ಲಿ ತೀರಿಕೊಂಡನು. ಐವತ್ತು ವರ್ಷಗಳ ತರುವಾಯ ಕೃತಿಸ್ವಾಮ್ಯದ ಅವಧಿ ಮುಗಿಯಿತು. ಆಗ ಮಾಜಿ ಪ್ರಧಾನಿ ಜೇಮ್ಸ್ ಕ್ಯಾಲಹನ್ ಸೂಚಿಸಿದ ತಿದ್ದುಪಡಿಯನ್ನು ಪಾರ್ಲಿಮೆಂಟು ಅಂಗೀಕರಿಸಿತು. 1988ರ ಶಾಸನದಂತೆ ಬ್ರಿಟನ್ನಿನಲ್ಲಿ ಆ ನಾಟಕದ ಪ್ರಯೋಗದಿಂದಲೂ ಪುಸ್ತಕದ ಮಾರಾಟದಿಂದಲೂ ಗೌರವಧನ ಪಡೆಯುವ ಹಕ್ಕು ಶಾಶ್ವತವಾಗಿ ಆಸ್ಪತ್ರೆಯದಾಯಿತು. ದ್ರೌಪದಿಯ ಅಕ್ಷಯಪಾತ್ರೆಯೂ ಆಕೆ ಉಂಡೊಡನೆ ಆ ದಿನಕ್ಕೆ ಬರಿದಾಗುತ್ತಿತ್ತು. ಈ ಪಾತ್ರೆಗೆ ಆ ಮಿತಿಯೂ ಇಲ್ಲ.

1948ರಿಂದ ಈ ಆಸ್ಪತ್ರೆಯ ನಿತ್ಯದ ವೆಚ್ಚವನ್ನು ಸರ್ಕಾರದ ಆರೋಗ್ಯವ್ಯವಸ್ಥೆಯೇ ವಹಿಸಿದೆ. ಹಾಗಾದರೆ ದಾನವೇಕೆ ಎಂದು ವಾಚಕರು ಕೇಳಬಹುದು. ಮಗುವಿನ ಬಳಿ ತಾಯಿತಂದೆಯರು ತಂಗಲು ಕೊಠಡಿ ಬೇಕು. ಹೊಸ ಉಪಕರಣ ಬೇಕು. ಎಲ್ಲಕ್ಕೂ ಮಿಗಿಲಾಗಿ ಸಂಶೋಧನೆ ಬೇಕು. ಸಾವಿರಾರು ಮಕ್ಕಳಲ್ಲಿ ಒಂದಕ್ಕೆ ಬರುವ ರೋಗಕ್ಕೆ ಔಷಧ ಹುಡುಕುವುದರಿಂದ ವ್ಯಾಪಾರಿಗೆ ಲಾಭ ಕಡಿಮೆ. ಆ ಒಂದು ಮಗುವಿನ ತಾಯಿಗಾದರೋ ಅದೇ ಸರ್ವಸ್ವ. ಈ ಅಂತರವನ್ನು ತುಂಬಬಲ್ಲದ್ದು ದಾನ. ಇಂತಹ ಅಪರೂಪದ ರೋಗಗಳ ಅಧ್ಯಯನಕ್ಕಾಗಿ ಆಸ್ಪತ್ರೆಯ ಪಕ್ಕದಲ್ಲಿ 2019ರಲ್ಲಿ ತೆರೆದ ಜಾಯೆದ್ ಸಂಶೋಧನ ಕೇಂದ್ರಕ್ಕೆ, ಸಂಯುಕ್ತ ಅರಬ್ ಸಂಸ್ಥಾನಗಳ ಶೇಖಾ ಫಾತಿಮಾ ಬಿಂತ್ ಮುಬಾರಕ್ ಅವರು 2014ರಲ್ಲಿ ನೀಡಿದ 6 ಕೋಟಿ ಪೌಂಡುಗಳೇ ಆಧಾರ.

ಅಂತಹ ಕೊಡುಗೆ ನಮ್ಮಂಥವರಿಗೆ ನಿಲುಕದು. ಬ್ಯಾರಿಯ ದಾರಿಯಾದರೋ ಹಾಗಲ್ಲ. ನಮ್ಮ ದೇಶದಲ್ಲಿಯೂ ಲೇಖಕನು ಗತಿಸಿದ ಮೇಲೆ 60 ವರ್ಷಗಳ ಕಾಲ ಅವನ ಕೃತಿಗೆ ಸ್ವಾಮ್ಯವಿರುತ್ತದೆ. ಅದನ್ನು ಇಷ್ಟಬಂದವರಿಗೆ ಬರೆದುಕೊಡಬಹುದು. ಕನ್ನಡದ ಪುಸ್ತಕಗಳಿಂದ ಬರುವ ಆದಾಯ ಎಷ್ಟೆಂಬುದನ್ನು ನಾನು ಬಲ್ಲೆ. ಆದರೂ ತೆನೆ ತೆನೆ ಕೂಡಿಯೇ ಬಳ್ಳ. ಜನ ಮೆಚ್ಚಿದ ಒಂದು ಮಕ್ಕಳ ನಾಟಕ, ಶಾಲೆಗಳಲ್ಲಿ ಓದುವ ಒಂದು ಕಥಾಸಂಗ್ರಹ, ಹತ್ತಿರದ ಮಕ್ಕಳ ಆಸ್ಪತ್ರೆಯ ಹೆಸರಿಗೆ ಸಂದರೆ, ಲೇಖಕನ ಕಾಲಾನಂತರವೂ ಎಲ್ಲಿಯೋ ಒಂದು ಕೂಸಿಗೆ ಔಷಧ ದೊರೆತೀತು.