ಪುಟ್ಟ ಶಾರ್ಕಿನ ಊಟಕ್ಕೂ ಋತುವಿಗೂ ಏನು ಸಂಬಂಧ?

ಪ್ರಾಣಿಶಾಸ್ತ್ರ ಓದಿದವರಿಗೆ ಸ್ಕೋಲಿಯೋಡಾನ್ ಎಂಬ ಹೆಸರು ಹೊಸದಲ್ಲ. ಅದರ ಅಂಗರಚನೆಯನ್ನು ವಿವರಿಸುವ ತಿಲ್ಲಯಂಪಲಂ ಅವರ ಪುಸ್ತಕ 1928ರಲ್ಲಿಯೇ ಪ್ರಕಟವಾಗಿತ್ತು. ಬಿ.ಎಸ್ಸಿ. ತರಗತಿಯಲ್ಲಿ ನಾನೂ ಫಾರ್ಮಾಲಿನ್ ವಾಸನೆಯ ನಡುವೆ ನಿಂತು ಈ ಮೀನಿನ ಕಪಾಲ ನರಗಳನ್ನು ಬಿಡಿಸಿ ತೋರಿಸಿ ಅಂಕ ಪಡೆದವನು. ಆದರೆ ಅದರ ಜಠರದಲ್ಲಿ ಏನಿದೆ ಎಂದು ಒಮ್ಮೆಯೂ ನೋಡಲಿಲ್ಲ. ನಮ್ಮ ಕಾರ್ಯಕ್ರಮ ವೀಕ್ಷಿಸಿದ ವಿದ್ಯಾರ್ಥಿನಿಯೊಬ್ಬಳು "ಶಾರ್ಕ್ ಮಳೆಗಾಲದಲ್ಲಿ ಏನು ತಿನ್ನುತ್ತದೆ?" ಎಂದು ಕೇಳಿದಾಗ ಆ ಕೊರತೆ ನೆನಪಾಯಿತು.

ಈ ಶಾರ್ಕ್ ಮುಕ್ಕಾಲು ಮೀಟರಿಗಿಂತ ಉದ್ದ ಬೆಳೆಯುವುದಿಲ್ಲ. ಇಂಥ ಸಣ್ಣ ಶಾರ್ಕುಗಳಿಗೆ ತುಳುವಿನಲ್ಲಿ 'ತಾಟೆ' ಎಂದೂ ಕೊಂಕಣಿಯಲ್ಲಿ 'ಮೋರಿ' ಎಂದೂ ಹೇಳುತ್ತಾರೆ. ದಂಡೆಗೆ ಸಮೀಪದ ಆಳವಿಲ್ಲದ ನೀರಿನಲ್ಲಿ ಸಣ್ಣ ಮೀನು, ಸಿಗಡಿ, ಬೊಂಡಾಸ್ ಇವೇ ಅದರ ಆಹಾರ. ಇವುಗಳಲ್ಲಿ ಯಾವುದು ಯಾವಾಗ ಹೇರಳವಾಗಿ ಸಿಗುತ್ತದೆ ಎಂಬುದನ್ನು ನಿರ್ಧರಿಸುವುದು ಋತು.

ಹೇಗೆಂದು ನೋಡೋಣ. ಮುಂಗಾರಿನಲ್ಲಿ ಕರಾವಳಿಯ ಉದ್ದಕ್ಕೂ ಬೀಸುವ ಗಾಳಿ ಮತ್ತು ಭೂಮಿಯ ಆವರ್ತನೆ, ಇವೆರಡೂ ಸೇರಿ ಮೇಲ್ಮೈ ನೀರನ್ನು ದಂಡೆಯಿಂದ ದೂರ ಒಯ್ಯುತ್ತವೆ. ಆ ಜಾಗಕ್ಕೆ ಆಳದಿಂದ ತಣ್ಣನೆಯ ನೀರು ಏರಿ ಬರುತ್ತದೆ. ಅದರಲ್ಲಿ ಪೋಷಕ ಲವಣಗಳು ಹೆಚ್ಚು, ಆಮ್ಲಜನಕ ಕಡಿಮೆ. ಲವಣಗಳಿಂದ ಸೂಕ್ಷ್ಮ ಸಸ್ಯಗಳು ಬೆಳೆಯುತ್ತವೆ. ಅವನ್ನು ನಂಬಿ ಬೂತಾಯಿಯಂಥ ಮೀನುಗಳು ಬರುತ್ತವೆ. ಆಮ್ಲಜನಕದ ಕೊರತೆಯಿಂದ ತಳದ ಜೀವಿಗಳು ಬೇರೆಡೆಗೆ ಸರಿಯುತ್ತವೆ. ಬೇಟೆ ಬದಲಾದಂತೆ ಬೇಟೆಗಾರನ ಊಟವೂ ಬದಲಾಗಲೇಬೇಕು.

ಇದು ತಾಯಿ ಮೀನಿಗೆ ಸಣ್ಣ ವಿಷಯವಲ್ಲ. ಈ ಶಾರ್ಕ್ ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ. ಅದರ ಅಂಡ ಸುಮಾರು 1 ಮಿಲಿಮೀಟರ್ ಗಾತ್ರದ್ದು. ಅದರಲ್ಲಿ ಮರಿಗೆ ಸಾಲುವಷ್ಟು ಭಂಡಾರವಿರುವುದಿಲ್ಲ. ಬೆಳೆಯುವ ಮರಿಗಳಿಗೆಲ್ಲ ಜರಾಯುವಿನ ಮೂಲಕ ತಾಯಿಯ ದೇಹವೇ ಪೋಷಣೆ ಒದಗಿಸಬೇಕು. ಮರಿ ಹಾಕುವುದಕ್ಕೆ ಇಂಥದೇ ತಿಂಗಳು ಎಂಬ ಕಟ್ಟುನಿಟ್ಟಿಲ್ಲವಾದ್ದರಿಂದ ತಾಯಿಗೆ ವರ್ಷವಿಡೀ ಆಹಾರ ಬೇಕು.

ಈಗ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಶಾರ್ಕ್ ಏನು ತಿಂದಿದೆ ಎಂದು ತಿಳಿಯಲು ಅದರ ಜಠರವನ್ನು ಪರೀಕ್ಷಿಸಬೇಕು; ಅದಕ್ಕೆ ಮೀನು ದಡಕ್ಕೆ ಬರಬೇಕು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ನಿಷೇಧ. ಮೀನುಗಳ ಸಂತಾನಕ್ಕೆ ಇದು ಅಗತ್ಯವೇ. ಆದರೆ ಕಡಲು ಅತಿ ವೇಗವಾಗಿ ಬದಲಾಗುವ ಕಾಲದಲ್ಲಿಯೇ ನಮ್ಮ ಕೈಗೆ ಮಾದರಿಗಳು ಕಡಿಮೆ ಸಿಗುತ್ತವೆ. ಹಾಗಾಗಿ "ವರ್ಷವಿಡೀ ಇದನ್ನೇ ತಿನ್ನುತ್ತದೆ" ಎಂಬ ವಾಕ್ಯ ಓದಿದಾಗ ಮಾದರಿಗಳನ್ನು ಯಾವ ತಿಂಗಳಲ್ಲಿ ಸಂಗ್ರಹಿಸಿದರು ಎಂದು ನೀವು ಮೊದಲು ಕೇಳಬೇಕು.

ಇನ್ನೊಂದು ಮಾತು. ಟ್ರಾಲ್ ಬಲೆ ಈ ಶಾರ್ಕನ್ನೂ ಅದರ ಊಟವಾದ ಸಿಗಡಿಯನ್ನೂ ಒಟ್ಟಿಗೆ ಬಾಚುತ್ತದೆ. ಶಾರ್ಕುಗಳ ಸಂಖ್ಯೆಯನ್ನಷ್ಟೇ ಎಣಿಸಿದರೆ ಅರ್ಧ ಲೆಕ್ಕ ಮಾತ್ರ ಸಿಕ್ಕೀತು.

ನೀವು ಮಲ್ಪೆ ಅಥವಾ ಮಂಗಳೂರಿನ ಬಂದರಿಗೆ ಹೋದರೆ ಒಂದು ನೋಟ್‌ಬುಕ್ ಒಯ್ಯಿರಿ. ದಿನಾಂಕ, ತಾಟೆಯ ಉದ್ದ, ಅದರ ಜೊತೆ ಬಲೆಗೆ ಬಿದ್ದ ಮೀನುಗಳು, ಇಷ್ಟನ್ನು ಬರೆದುಕೊಳ್ಳಿ. ಮೀನು ಹೆಚ್ಚುವ ಅಮ್ಮನವರನ್ನು ಹೊಟ್ಟೆಯಲ್ಲಿ ಏನಿತ್ತೆಂದು ಕೇಳಿ. ನಾನು ಕಾಲೇಜಿನಲ್ಲಿ ನೋಡದೆ ಎಸೆದದ್ದನ್ನು ಅವರು ದಿನವೂ ನೋಡುತ್ತಿರುತ್ತಾರೆ.