ನಾಲ್ಕನೆಯವರೂ ಗೆಲ್ಲಿಸುವ ಓಟ

ಯಾದಗಿರಿ, ಶಹಾಪುರ, ಸುರಪುರದ ಬಂಡೆಗುಡ್ಡಗಳು ಗುಡ್ಡಗಾಡು ಓಟಕ್ಕೆ ಹೇಳಿ ಮಾಡಿಸಿದ ಅಂಗಳ. ನೌಕರಿಯ ಪರೀಕ್ಷೆಗಷ್ಟೇ ಓಡುತ್ತಿರುವ ನಮ್ಮ ಹುಡುಗ ಹುಡುಗಿಯರನ್ನು ಆ ಅಂಗಳಕ್ಕೆ ಕರೆದುಕೊಂಡು ಹೋಗುವ ಕೆಲಸ ಬಾಕಿ ಇದೆ.

ನಸುಕಿನಲ್ಲಿ ಯಾದಗಿರಿ ಜಿಲ್ಲೆಯ ಯಾವ ಊರಿನ ಹಾದಿ ಹಿಡಿದರೂ ಓಡುವ ಹುಡುಗರು ಎದುರಾಗುತ್ತಾರೆ. ಒಬ್ಬನ ಕೈಯಲ್ಲಿ ಮೊಬೈಲು, ಅದರಲ್ಲಿ ಸ್ಟಾಪ್‌ವಾಚ್; ಉಳಿದವರ ಕಣ್ಣು ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ಮೇಲೆ. ಎಲ್ಲರ ಓಟಕ್ಕೂ ಒಂದೇ ಅಳತೆ, 1600 ಮೀಟರ್. ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ಗಂಡುಮಕ್ಕಳು ಆ ದೂರವನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ಸೇನೆಯ ಅಗ್ನಿವೀರ್ ಭರ್ತಿಯಲ್ಲೂ 1.6 ಕಿಲೋಮೀಟರ್ ಓಟವಿದೆ, ಅಲ್ಲಿ ಸಮಯ ಇನ್ನೂ ಬಿಗಿ.

ಆ ಗಡಿಯೊಳಗೆ ಬಂದವನಿಗೆ ನೌಕರಿಯ ಬಾಗಿಲು ತೆರೆಯುತ್ತದೆ. ಐದು ಸೆಕೆಂಡು ತಡವಾದವನು ಬೂಟು ಬಿಚ್ಚಿಟ್ಟು ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಊರಿನ ಹೊಲಕ್ಕೋ ಹೋಗುತ್ತಾನೆ. ವರ್ಷಗಟ್ಟಲೆ ಬೆವರು ಸುರಿಸಿ ಕಟ್ಟಿಕೊಂಡ ದಮ್ಮು ಅಲ್ಲಿಗೆ ಮುಗಿಯಿತು. ಇಷ್ಟೊಂದು ಮಂದಿ ಓಡುವ ಜಿಲ್ಲೆಯಲ್ಲಿ ಓಟ ಆಟವಾಗಿ ಉಳಿಯದಿರುವುದು ನನಗೆ ಬಹಳ ದಿನಗಳಿಂದ ನೋವಿನ ಸಂಗತಿ. ಇದಕ್ಕೆ ಪರಿಹಾರ ನಮ್ಮ ಊರುಗಳ ನೆತ್ತಿಯ ಮೇಲೇ ನಿಂತಿದೆ. ಅದು ಗುಡ್ಡ.

ಗುಡ್ಡಗಳೇ ಮೈದಾನ

ರೈಲಿನಲ್ಲಿ ಬಂದು ಯಾದಗಿರಿಯಲ್ಲಿ ಇಳಿದವರಿಗೆ ಊರಿನ ನಡುವೆಯೇ ಎದ್ದು ನಿಂತ ಕೋಟೆಗುಡ್ಡ ಕಾಣುತ್ತದೆ. ಸುತ್ತು ಸುತ್ತಾಗಿ ಏರುವ ಗೋಡೆಗಳು, ಬಾಗಿಲುಗಳು, ಮೇಲೆ ನೀರಿನ ಹೊಂಡಗಳು ಮತ್ತು ತೋಪು. ಶಹಾಪುರದ ಹತ್ತಿರ ಬಂದರೆ ಬೆಟ್ಟದ ಸಾಲೇ ಮಲಗಿದ ಬುದ್ಧನ ಹಾಗೆ ಕಾಣುತ್ತದೆ. ಹಣೆ, ಮೂಗು, ಗಲ್ಲ, ಎದೆ ಬಿಡಿಸಿಟ್ಟಷ್ಟು ಸ್ಪಷ್ಟ. ಸುರಪುರವಂತೂ ಗುಡ್ಡಗಳ ಮಡಿಲಲ್ಲೇ ಹುಟ್ಟಿದ ಊರು. 1840ರ ದಶಕದಲ್ಲಿ ಇಲ್ಲಿಗೆ ಬ್ರಿಟಿಷ್ ಅಧಿಕಾರಿಯಾಗಿ ಬಂದ ಫಿಲಿಪ್ ಮೆಡೋಸ್ ಟೇಲರ್ ಮನೆ ಕಟ್ಟಿಕೊಂಡದ್ದೂ ಗುಡ್ಡದ ಮೇಲೆಯೇ. ಆ ಟೇಲರ್ ಮಂಜಿಲ್ ಈಗಲೂ ಊರನ್ನು ಮೇಲಿನಿಂದ ನೋಡುತ್ತದೆ.

ಈ ಗುಡ್ಡಗಳನ್ನು ಏರಿ ಇಳಿಯುವುದು ಇಲ್ಲಿನವರಿಗೆ ಹೊಸದಲ್ಲ. ಸುರಪುರದ ಪಕ್ಕದ ವಾಗಣಗೇರಾ ಕೋಟೆಯನ್ನು 1705ರಲ್ಲಿ ಔರಂಗಜೇಬ ಮುತ್ತಿದ. ಆಗ ಅವನಿಗೆ 86 ವರ್ಷ. ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. ದೊಡ್ಡ ತೋಪುಗಳಿದ್ದ ಮೊಗಲ್ ಸೈನ್ಯವನ್ನು ಬೇಡ ನಾಯಕರು ತಿಂಗಳುಗಟ್ಟಲೆ ತಡೆದರು. ಕೊನೆಗೆ ಕೋಟೆ ಕೈಬಿಟ್ಟಿತು, ಆದರೆ ನಾಯಕ ಸಿಗಲಿಲ್ಲ. ತನ್ನವರೊಂದಿಗೆ ಇರುಳಲ್ಲೇ ಪಾರಾಗಿದ್ದ. ಪ್ರತಿ ಕೊರಕಲು, ಪ್ರತಿ ಕಾಲುದಾರಿ ಗೊತ್ತಿದ್ದವರ ಸಾಹಸ ಅದು.

ಇನ್ನೂ ಹಿಂದಕ್ಕೆ ಹೋಗಬಹುದು. ಹುಣಸಗಿ ಕಣಿವೆಯಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯ ದಶಕಗಳ ಕಾಲ ದುಡಿದು ಆದಿಮಾನವರ ನೆಲೆಗಳನ್ನು ಬೆಳಕಿಗೆ ತಂದರು. ಅಲ್ಲಿನ ಇಸಾಂಪುರದ ಕಲ್ಲಿನ ಕೊಡಲಿಗಳು ಸುಮಾರು 12 ಲಕ್ಷ ವರ್ಷಗಳಷ್ಟು ಹಳೆಯವೆಂಬ ಅಂದಾಜಿದೆ. ದೂರ ಓಡುವ ಶಕ್ತಿಯೇ ಮನುಷ್ಯನ ದೇಹವನ್ನು ಈಗಿನ ರೂಪಕ್ಕೆ ತಂದಿತು ಎಂದು ಡೆನಿಸ್ ಬ್ರಾಂಬಲ್ ಮತ್ತು ಡೇನಿಯಲ್ ಲೀಬರ್‌ಮನ್ ಎಂಬ ವಿಜ್ಞಾನಿಗಳು 2004ರಲ್ಲಿ ವಾದ ಮಂಡಿಸಿದರು. ಉದ್ದನೆಯ ಕಾಲು, ಹಿಮ್ಮಡಿಯ ಗಟ್ಟಿ ಸ್ನಾಯುರಜ್ಜು, ಬೆವರಿ ತಣಿಯುವ ಚರ್ಮ ಅವರು ಕೊಟ್ಟ ಪುರಾವೆಗಳು. ಆ ವಾದವನ್ನು ಒಪ್ಪುವುದಾದರೆ, ಈ ಕಣಿವೆಯಲ್ಲಿ ಓಟ ಲಕ್ಷಾಂತರ ವರ್ಷಗಳಷ್ಟು ಹಳೆಯದು.

ಹಾದಿಯ ಮೇಲೆ

ಗುಡ್ಡಗಾಡು ಓಟ ನಮ್ಮ ಶಿಕ್ಷಣ ವ್ಯವಸ್ಥೆಯೊಳಗೆ ಈಗಾಗಲೇ ಇದೆ. ಪದವಿಪೂರ್ವ ಕಾಲೇಜುಗಳ ಕ್ರೀಡಾಕೂಟದಲ್ಲಿ ಅದೊಂದು ಸ್ಪರ್ಧೆ. ಪದವಿ ಕಾಲೇಜುಗಳಲ್ಲಿ ಅಂತರಕಾಲೇಜು ಓಟ ನಡೆದು, ಅಲ್ಲಿ ಮುಂದೆ ಬಂದವರು ವಿಶ್ವವಿದ್ಯಾಲಯದ ತಂಡ ಸೇರಿ ಅಖಿಲ ಭಾರತ ಮಟ್ಟಕ್ಕೆ ಹೋಗುತ್ತಾರೆ. ಅಂಥ ಓಟದಲ್ಲಿ ಎದೆಗೆ ನಂಬರು ಚುಚ್ಚಿಕೊಂಡು ನಾನೂ ಓಡಿದ್ದೇನೆ. ಟ್ರ್ಯಾಕಿನ ಓಟಕ್ಕೂ ಇದಕ್ಕೂ ಇರುವ ಅಂತರ ಮೊದಲ ಏರಿನಲ್ಲೇ ಗೊತ್ತಾಗುತ್ತದೆ.

ಓಟ ಶುರುವಾಗುವುದು ಬಯಲಿನಲ್ಲಿ. ನೂರಾರು ಮಂದಿ ಒಟ್ಟಿಗೆ ಬಿಡುವುದರಿಂದ ಮೊದಲ ಗೆರೆ ಅಗಲವಾಗಿರಬೇಕು. ಎರಿ ಹೊಲದ ಬದುವಿನ ಮೇಲೆ ಕಾಲು ಮೆತ್ತಗೆ ಇಳಿಯುತ್ತದೆ, ಬೂಟಿಗೆ ಮಣ್ಣು ಅಂಟಿ ಭಾರವಾಗುತ್ತದೆ. ಗುಡ್ಡದ ಬುಡ ಬಂದಂತೆ ಮಸಾರಿ ನೆಲ, ಹರಳುಕಲ್ಲು. ಮುಂದೆ ಬರಿಯ ಬಂಡೆ, ನಡುನಡುವೆ ಜಾಲಿ ಮುಳ್ಳು, ಸೀತಾಫಲದ ಪೊದೆ. ಅರ್ಧ ತಾಸಿನೊಳಗೆ ಮೂರು ಬಗೆಯ ನೆಲ, ಮೂರು ಬಗೆಯ ಹೆಜ್ಜೆ.

ನಮಗೆ ಓಟ ಕಲಿಸಿದ ಪಿ.ಇ. ಸರ್ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು: “ಏರು ಬಂತಂದ್ರ ಸಣ್ಣ ಹೆಜ್ಜಿ ಹಾಕ್ರಿ. ನೆದರು ತುದಿಗಿ ಇಡಬ್ಯಾಡ್ರಿ, ಮುಂದಿನ ಹತ್ತು ಹೆಜ್ಜಿಗಿ ಇಡ್ರಿ.” ಆ ಮಾತಿನಲ್ಲಿ ಇಡೀ ವಿದ್ಯೆ ಅಡಗಿದೆ. ಏರಿನಲ್ಲಿ ಉದ್ದ ಹೆಜ್ಜೆ ಹಾಕಿದವನ ಮೀನಖಂಡ ಬೇಗ ಬಿಗಿಯುತ್ತದೆ, ಉಸಿರು ಎದೆಗೆ ಕಟ್ಟುತ್ತದೆ. ಸಣ್ಣ ಹೆಜ್ಜೆ, ಜೋರಾಗಿ ಬೀಸುವ ಕೈ, ಸ್ವಲ್ಪ ಮುಂದೆ ಬಾಗಿದ ಮೈ ಇದ್ದರೆ ಕಡಿದಾದ ಏರೂ ದಾಟುತ್ತದೆ. ತೀರಾ ಕಡಿದಾದಲ್ಲಿ ಮೊಣಕಾಲಿನ ಮೇಲೆ ಕೈಯೂರಿ ನಡೆಯಬಹುದು; ಜಗತ್ತಿನ ದೊಡ್ಡ ಬೆಟ್ಟದ ಓಟಗಾರರೂ ಹಾಗೇ ನಡೆಯುತ್ತಾರೆ, ಅದರಲ್ಲಿ ಅವಮಾನವಿಲ್ಲ.

ಇಳಿಜಾರು ಸುಲಭ ಎಂದುಕೊಂಡವರು ಮರುದಿನ ಮೆಟ್ಟಿಲು ಇಳಿಯುವಾಗ ಪಾಠ ಕಲಿಯುತ್ತಾರೆ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಯಬೇಕಾಗುತ್ತದೆ. ಆ ಎಳೆತಕ್ಕೆ ಎಳೆಗಳು ಸೂಕ್ಷ್ಮವಾಗಿ ಹರಿದು ಮರುದಿನ ನೋವು ಬರುತ್ತದೆ. ಅದಕ್ಕೇ ಇಳಿಯುವ ಅಭ್ಯಾಸವನ್ನೂ ಮಾಡಬೇಕು. ವಾರಕ್ಕೊಮ್ಮೆ ಇನ್ನೂರು ಮೀಟರಿನಷ್ಟು ಉದ್ದದ ಏರನ್ನು ಆರೆಂಟು ಸಲ ಓಡಿ ಹತ್ತಿ, ಹಗುರ ಹೆಜ್ಜೆಯಲ್ಲಿ ಇಳಿದರೆ ಎರಡೇ ತಿಂಗಳಲ್ಲಿ ಕಾಲಿನ ಬಲ ಬೇರೆಯಾಗುತ್ತದೆ. ಪೊಲೀಸ್ ಪರೀಕ್ಷೆಗೆ ಓಡುವವರಿಗೂ ಇದರಿಂದ ಲಾಭವಿದೆ. ಗುಡ್ಡದಲ್ಲಿ ಬಲಿತ ಕಾಲಿಗೆ ಸಪಾಟು ನೆಲದ 1600 ಮೀಟರ್ ಹಗುರ.

ಆಹಾರಕ್ಕಾಗಿ ದುಬಾರಿ ಪುಡಿಗಳ ಹಿಂದೆ ಹೋಗಬೇಕಿಲ್ಲ. ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಒಂದು ಲೋಟ ಮಜ್ಜಿಗೆ. ದುಡಿಯುವ ದೇಹಕ್ಕೆ ಬೇಕಾದದ್ದು ಬಹುಪಾಲು ಈ ತಟ್ಟೆಯಲ್ಲೇ ಇದೆ.

ನಾಲ್ಕನೆಯವರ ಲೆಕ್ಕ

ಈ ಆಟವನ್ನು ನಾನು ಹೆಚ್ಚು ಪ್ರೀತಿಸುವುದು ಅದರ ತಂಡದ ಲೆಕ್ಕಕ್ಕಾಗಿ. ವಿಶ್ವ ಗುಡ್ಡಗಾಡು ಓಟದ ಹಿರಿಯರ ವಿಭಾಗದಲ್ಲಿ ಒಂದು ದೇಶದಿಂದ ಆರು ಮಂದಿ ಓಡುತ್ತಾರೆ, ಮೊದಲು ಬಂದ ನಾಲ್ವರ ಸ್ಥಾನಗಳನ್ನು ಕೂಡುತ್ತಾರೆ. ಮೊತ್ತ ಯಾರದು ಕಡಿಮೆಯೋ ಆ ತಂಡ ಗೆದ್ದಂತೆ.

ಒಂದು ಊರಿನ ತಂಡಕ್ಕೆ 1, 2, 9 ಮತ್ತು 30ನೇ ಸ್ಥಾನ ಬಂತೆನ್ನಿ, ಮೊತ್ತ 42. ಇನ್ನೊಂದು ಊರಿನವರು 5, 7, 8, 10ನೇ ಸ್ಥಾನದಲ್ಲಿ ಬಂದರು, ಮೊತ್ತ 30. ಮೊದಲ ನಾಲ್ಕರಲ್ಲಿ ಒಬ್ಬರೂ ಇಲ್ಲದ ಎರಡನೆಯ ಊರೇ ಗೆದ್ದಿತು. ಹತ್ತನೆಯವನಾಗಿ ಬಂದ ಹುಡುಗ ಒಬ್ಬನನ್ನು ಹಿಂದೆ ಹಾಕಿದರೂ ಊರಿಗೆ ಒಂದು ಅಂಕ ಉಳಿಯುತ್ತದೆ. ನೌಕರಿಯ ಪರೀಕ್ಷೆಯಲ್ಲಿ ಐದು ಸೆಕೆಂಡಿಗೆ ಸೋತು ಮನೆಗೆ ಹೋದವನು ಇಲ್ಲಿ ತನ್ನ ಊರನ್ನು ಗೆಲ್ಲಿಸಬಲ್ಲ.

ಇದರ ಬಹುದೊಡ್ಡ ಉದಾಹರಣೆ 1924ರ ಪ್ಯಾರಿಸ್ ಒಲಿಂಪಿಕ್ಸ್‌ನ ಗುಡ್ಡಗಾಡು ಓಟದ್ದು. ಆಗ ತಂಡಕ್ಕೆ ಮೂವರ ಸ್ಥಾನ ಲೆಕ್ಕ. 40 ಡಿಗ್ರಿ ಮೀರಿದ ಬಿಸಿಲಿನಲ್ಲಿ 38 ಮಂದಿ ಹೊರಟರು, ಮುಗಿಸಿದವರು 15 ಮಂದಿ ಮಾತ್ರ. ಫಿನ್ಲೆಂಡಿನ ಪಾವೊ ನುರ್ಮಿ ಮೊದಲಿಗ, ಅವನದೇ ದೇಶದ ವಿಲ್ಲೆ ರಿಟೋಲಾ ಎರಡನೆಯವನು. ಆದರೆ ಮೂರನೆಯವನು ಬಾರದೆ ತಂಡಕ್ಕೆ ಚಿನ್ನವಿಲ್ಲ. ಹೈಕಿ ಲೀಮಟೈನೆನ್ ಬಿಸಿಲಿಗೆ ತಲೆಸುತ್ತಿ, ಗೆರೆಗೆ ಸ್ವಲ್ಪ ಮೊದಲೇ ಓಟ ಮುಗಿಯಿತೆಂದು ನಿಂತುಬಿಟ್ಟ. ಜನ ಕೂಗಿ ಎಚ್ಚರಿಸಿದರು. ತೂರಾಡುತ್ತ ನಡೆದು ಹನ್ನೆರಡನೆಯವನಾಗಿ ಗೆರೆ ದಾಟಿದ. ಫಿನ್ಲೆಂಡಿಗೆ ಚಿನ್ನ ಬಂತು. ನುರ್ಮಿಯ ಹೆಸರು ಜಗತ್ತಿಗೆಲ್ಲ ಗೊತ್ತು, ಆ ಚಿನ್ನವನ್ನು ಕೈಗೆ ಕೊಟ್ಟವನು ಹನ್ನೆರಡನೆಯವನು.

ನಮ್ಮ ನಾಡಿಗೂ ಆ ಕಾಲದ ಓಟಗಾರರೊಬ್ಬರಿದ್ದಾರೆ. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಭಾರತದ ಪರ ಮ್ಯಾರಥಾನ್ ಓಡಿ 19ನೆಯವರಾಗಿ ಬಂದ ಫಡೆಪ್ಪ ಚೌಗುಲೆ ಬೆಳಗಾವಿಯವರು. ನೂರು ವರ್ಷದ ಹಿಂದೆ ಬೆಳಗಾವಿಯಿಂದ ಸಾಧ್ಯವಾದದ್ದು ನಾಳೆ ಸುರಪುರದಿಂದಲೂ ಸಾಧ್ಯ.

ಬಿಸಿಲು, ಬಂಡೆ, ಎಚ್ಚರ

ಪ್ಯಾರಿಸ್ಸಿನ ಆ ದಿನ ಇನ್ನೊಂದು ಪಾಠವನ್ನೂ ಕಲಿಸಿತು. ಓಟಗಾರರು ಕುಸಿದು ಬಿದ್ದದ್ದನ್ನು ಕಂಡವರು ಗುಡ್ಡಗಾಡು ಓಟವನ್ನು ಒಲಿಂಪಿಕ್ಸ್‌ನಿಂದಲೇ ತೆಗೆದರು. ಅದು ಇನ್ನೂ ಮರಳಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ ಓಟದ ಕಾಲ ಡಿಸೆಂಬರ್, ಜನವರಿ ಮಾತ್ರ. ಬೆಳಗಿನ ಆರೂವರೆಗೆ ಬಿಟ್ಟು ಬಂಡೆ ಕಾಯುವ ಮುನ್ನ ಮುಗಿಸಬೇಕು. ಹಾದಿಯುದ್ದಕ್ಕೂ ನೀರು, ಓಆರ್‌ಎಸ್ ಇರಬೇಕು. ಬುಡದಲ್ಲಿ ಆಂಬುಲೆನ್ಸ್ ನಿಂತಿರಬೇಕು. ಓಡುವವನ ಮಾತು ತೊದಲಿದರೆ, ಹೆಜ್ಜೆ ಓಲಾಡಿದರೆ ತಕ್ಷಣ ನೆರಳಿಗೆ ಒಯ್ದು ಮೈಮೇಲೆ ನೀರು ಸುರಿದು ತಣಿಸಬೇಕು.

ಹಾದಿಯ ಆಯ್ಕೆಯೂ ಮುಖ್ಯ. ವಿಶ್ವ ಅಥ್ಲೆಟಿಕ್ಸ್‌ನ ನಿಯಮದಂತೆ ಗುಡ್ಡಗಾಡು ಓಟದ ಒಂದು ಸುತ್ತು 1500ರಿಂದ 2000 ಮೀಟರ್ ಇರುತ್ತದೆ; ಆಳದ ಗುಂಡಿ, ಅಪಾಯದ ಏರು, ದಟ್ಟ ಪೊದೆ ಬೇಡ. ಹಾಗಾಗಿ ಗುಡ್ಡದ ಬುಡ ಸುತ್ತುವ ಹಾದಿ ಶಾಲಾ ಮಕ್ಕಳಿಗೆ, ಹೊಸಬರಿಗೆ ಸರಿ. ತುದಿ ಮುಟ್ಟಿ ಬರುವ ಬೆಟ್ಟದ ಓಟ ಪಳಗಿದವರಿಗೆ. ಸಡಿಲ ಕಲ್ಲು, ಹಾವು ಇರುವ ಪೊಟರೆ, ಹೆಜ್ಜೇನು ಕಟ್ಟುವ ಬಂಡೆಗಳನ್ನು ಮೊದಲೇ ನೋಡಿ ದೂರವಿಡಬೇಕು. ಅಂಥ ಬಂಡೆಯ ಬಳಿ ಪಟಾಕಿಯೂ ಬೇಡ, ಡಿಜೆಯೂ ಬೇಡ.

ಕೋಟೆಯ ಗೋಡೆ ಹತ್ತಿ ಓಡುವ ಹಾದಿ ಖಂಡಿತ ಬೇಡ. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾಯುಗದ ಜನ ಸಾಲುಸಾಲಾಗಿ ಜೋಡಿಸಿಟ್ಟ ಗುಂಡುಕಲ್ಲುಗಳಿವೆ. ಅಂಥ ಜಾಗಗಳನ್ನು ಓಟದ ಹೊರಗಿಡಬೇಕು. ಒಂದು ಪ್ಲಾಸ್ಟಿಕ್ ಬಾಟಲಿಯೂ ಗುಡ್ಡದ ಮೇಲೆ ಉಳಿಯಬಾರದು.

ಹೆಣ್ಣುಮಕ್ಕಳಿಗೂ ಅಷ್ಟೇ ದೂರ

ವಿಶ್ವ ಗುಡ್ಡಗಾಡು ಓಟದಲ್ಲಿ 2017ರಿಂದ ಹಿರಿಯ ಗಂಡಸರಿಗೂ ಹೆಂಗಸರಿಗೂ ದೂರ ಒಂದೇ, 10 ಕಿಲೋಮೀಟರ್. ನಮ್ಮಲ್ಲಿ ಹೈಸ್ಕೂಲು ಮುಗಿಸುತ್ತಲೇ ಎಷ್ಟೋ ಹುಡುಗಿಯರ ಓಟ ನಿಲ್ಲುತ್ತದೆ. ನಸುಕಿನಲ್ಲಿ ರಸ್ತೆಯಲ್ಲಿ ಒಬ್ಬಳೇ ಓಡಲು ಮನೆಯವರು ಕಳಿಸುವುದಿಲ್ಲ, ಅವರ ಅಂಜಿಕೆಯೂ ಸುಳ್ಳಲ್ಲ. ಆದರೆ ಆರು ಹುಡುಗಿಯರ ತಂಡ, ಜೊತೆಗೊಬ್ಬ ಶಿಕ್ಷಕಿ ಇದ್ದರೆ ಅಪ್ಪ ಅವ್ವ ಒಪ್ಪುತ್ತಾರೆ. ಹೊಲದಲ್ಲಿ ಹತ್ತಿ ಬಿಡಿಸಿ, ತಲೆಯ ಮೇಲೆ ಕೊಡ ಹೊತ್ತು ಬೆಳೆದ ಹೆಣ್ಣುಮಕ್ಕಳ ದಮ್ಮಿನ ಬಗ್ಗೆ ನನಗೆ ಸಂಶಯವೇ ಇಲ್ಲ.

ಆಗಬೇಕಾದ ಕೆಲಸ

ಇದಕ್ಕೆ ಸಿಂಥೆಟಿಕ್ ಟ್ರ್ಯಾಕ್ ಬೇಡ, ಕೋಟಿಗಳ ಕ್ರೀಡಾಂಗಣ ಬೇಡ. ಸುಣ್ಣದ ಗುರುತು, ಬಣ್ಣದ ಬಾವುಟ, ನೀರು, ವೈದ್ಯರು, ಹಾದಿ ಕಾಯಲು ಎನ್‌ಎಸ್‌ಎಸ್ ವಿದ್ಯಾರ್ಥಿಗಳು ಸಾಕು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ, ಕಾಲೇಜುಗಳು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಒಟ್ಟಾಗಿ ಚಳಿಗಾಲದ ಒಂದು ಭಾನುವಾರವನ್ನು ಗುಡ್ಡದ ಓಟಕ್ಕೆ ಮೀಸಲಿಡಲಿ. ಒಂದು ವರ್ಷ ಯಾದಗಿರಿ, ಮರುವರ್ಷ ಶಹಾಪುರ, ಅದರಾಚೆ ಸುರಪುರ. ವಿದ್ಯಾರ್ಥಿಗಳಿಗಷ್ಟೇ ಸೀಮಿತವಾಗದೆ ಪ್ರತಿ ಗ್ರಾಮ ಪಂಚಾಯಿತಿಯಿಂದ ಗಂಡುಮಕ್ಕಳದೊಂದು, ಹೆಣ್ಣುಮಕ್ಕಳದೊಂದು ತಂಡ ಬರಲಿ. ಆರು ಮಂದಿ ಓಡಲಿ, ನಾಲ್ವರ ಲೆಕ್ಕ ಹಿಡಿಯಲಿ. ಬಹುಮಾನ ಊರಿಗೆ ಹೋಗಲಿ.

ಈ ಲೇಖನ ಓದುತ್ತಿರುವ ದೈಹಿಕ ಶಿಕ್ಷಕರಲ್ಲಿ ನನ್ನದೊಂದು ಬಿನ್ನಹ. ಇಲಾಖೆಯ ಆದೇಶಕ್ಕೆ ಕಾಯಬೇಡಿ. ಈ ಚಳಿಗಾಲದಲ್ಲೇ ನಿಮ್ಮ ಊರಿನ ಆರು ಮಂದಿಯನ್ನು ಆರಿಸಿ, ಪರೀಕ್ಷೆಯಲ್ಲಿ ಸೋತು ಮೂಲೆ ಸೇರಿದವನನ್ನೂ ಕರೆಯಿರಿ, ಗುಡ್ಡಕ್ಕೆ ಕರೆದೊಯ್ಯಿರಿ. ನಿಮ್ಮ ತಂಡದ ನಾಲ್ಕನೆಯವನು ಅವನೇ ಆಗಬಹುದು.